ಪ್ರೇಮ್‌ಕುಮಾರ ಮಾಡಿದ ಮಡ್‌ಗಾರ್ಡ್

ಮರ್ಫಿ ಟೌನಿನ ಪ್ರೇಮ್‌ಕುಮಾರನ ಮನೆಯಲ್ಲಿ ಕೊಂಡು ತಂದ ವಸ್ತುಗಳು ಕಡಿಮೆ, ಅವನೇ ಮಾಡಿದ ವಸ್ತುಗಳು ಜಾಸ್ತಿ. ಅವುಗಳಲ್ಲಿ ಸರಿಯಾಗಿ ಕೆಲಸ ಮಾಡುವುದು ಯಾವುದು ಎಂದು ಕೇಳಿದರೆ ಅವನೇ ನಕ್ಕು, ಟೀ ಕುಡಿಯೋಣ ಬನ್ನಿ ಎಂದು ಎದ್ದುಬಿಡುತ್ತಾನೆ. ಚಪ್ಪಲಿ ಸ್ಟ್ಯಾಂಡು ಅವನು ಮಾಡಿದ್ದು. ಅದರಲ್ಲಿ ಇಟ್ಟ ಚಪ್ಪಲಿ ಮುಂದಕ್ಕೆ ಜಾರಿ ಬೀಳುವುದರಿಂದ ಎಲ್ಲರ ಚಪ್ಪಲಿಯೂ ಸ್ಟ್ಯಾಂಡಿನ ಮುಂದೆ ನೆಲದ ಮೇಲೇ ಇರುತ್ತದೆ. ಅಡುಗೆಮನೆಯ ಶೆಲ್ಫು ಅವನು ಹೊಡೆದದ್ದು. ಅದರ ಮೇಲಿನ ಡಬ್ಬಗಳು ದಿನಕ್ಕಿಷ್ಟು ಎಂದು ಎಡಕ್ಕೆ ಸರಿಯುತ್ತಾ ಹೋಗುತ್ತವೆ, ಸಾಸಿವೆ ಡಬ್ಬ ಕೆಳಗೆ ಬಿದ್ದರೆ ಮತ್ತೆ ಎಲ್ಲವನ್ನೂ ಬಲಕ್ಕೆ ಜೋಡಿಸಬೇಕು. ಬಟ್ಟೆ ಒಣಗಿಸಲು ಚಾವಣಿಗೆ ಒಂದು ರಾಟೆ ಕಟ್ಟಿದ್ದಾನೆ. ಎಳೆದರೆ ಬಟ್ಟೆ ಕೆಳಗೆ ಬರುತ್ತದೆ, ಮೇಲಕ್ಕೆ ಹೋಗಲು ಮಾತ್ರ ಒಪ್ಪುವುದಿಲ್ಲ. ಮಳೆಗಾಲದಲ್ಲಿ ಆ ಮನೆಗೆ ಹೋದವರು ಒದ್ದೆ ಲುಂಗಿಗಳ ನಡುವೆ ತಲೆ ಬಗ್ಗಿಸಿಕೊಂಡೇ ಕಾಫಿ ಕುಡಿಯಬೇಕು.

ಇಷ್ಟು ಹೇಳಿದ ಮಾತ್ರಕ್ಕೆ ಅವನಿಗೆ ಕೈಕೆಲಸ ಬರುವುದಿಲ್ಲ ಎಂದು ತಿಳಿಯಬೇಡಿ. ಶಿವಾಜಿನಗರದಲ್ಲಿ ಹಾಶಿಮ್ ಭಾಯ್ ಅವರ ಅಂಗಡಿಯಲ್ಲಿ ಪಟಗಳಿಗೆ ಕಟ್ಟು ಹಾಕುವುದು ಅವನ ಕೆಲಸ. ಮೀಸೆ ಮೂಡಿದಾಗ ಸೇರಿದವನು, ಈಗ ಮೀಸೆ ನರೆತಿದೆ. ಮದುವೆ ಫೋಟೊ, ಮೆಕ್ಕಾದ ಚಿತ್ರ, ಮೇರಿಮಾತೆ, ಮುನೇಶ್ವರ, ಬುದ್ಧ, ಬಾಬಾಸಾಹೇಬರು, ಯಾವ ಪಟವನ್ನೇ ಕೊಡಿ, ಮೂಲೆಗೆ ಮೂಲೆ ಕೂದಲೆಳೆಯಷ್ಟೂ ಸಂದಿಯಿಲ್ಲದ ಹಾಗೆ ಕೂಡಿಸಿ, ಗಾಜು ಹಾಕಿ, ಹಿಂದೆ ಹಲಗೆ ಬಡಿದು ಕೊಡುತ್ತಾನೆ. ತೊಂದರೆ ಏನೆಂದರೆ ಪಟದ ಕಟ್ಟಿಗೆ ನಾಲ್ಕು ನೇರ ಗೆರೆ ಸಾಕು. ಅಂಗಡಿಯಿಂದ ಹೊರಗೆ ಬಂದರೆ ಗೋಡೆ ಸೊಟ್ಟ, ನೆಲ ಓರೆ, ಚಕ್ರ ಗುಂಡಗೆ. ಅಲ್ಲೆಲ್ಲ ಪ್ರೇಮ್‌ಕುಮಾರನ ಆಟ ನಡೆಯುವುದಿಲ್ಲ, ಆದರೆ ಆಡುವುದನ್ನು ಅವನು ಬಿಟ್ಟವನೂ ಅಲ್ಲ.

ಅವನ ಸೈಕಲ್ಲೂ ಅವನದೇ ತಯಾರಿ. ಗುಜರಿಗೆ ಹೊರಟಿದ್ದ ಕೆಲವು ಸೈಕಲ್ಲುಗಳನ್ನು ತಡೆದು ಒಂದು ಮಾಡಿಕೊಂಡದ್ದು. ಮುಂದಿನ ಚಕ್ರ ಹಿಂದಿನದಕ್ಕಿಂತ ಸ್ವಲ್ಪ ಸಣ್ಣದಾದ್ದರಿಂದ, ಏರು ಹತ್ತುವಾಗಲೂ ಅವನು ಇಳಿಜಾರಿನಲ್ಲಿ ಹೋಗುತ್ತಿರುವಂತೆ ಕಾಣುತ್ತದೆ. ಕೆಸರು ಹಾರದಿರಲಿ ಎಂದು ಕ್ಯಾರಿಯರಿಗೆ ಒಂದು ಹಲಗೆ ತುಂಡು ಕಟ್ಟಿದ್ದಾನೆ. ಅದು ಅರ್ಧ ಕೆಸರನ್ನು ತಡೆದು ಇನ್ನರ್ಧವನ್ನು ಅಕ್ಕಪಕ್ಕದಲ್ಲಿ ಹೋಗುವವರಿಗೆ ಕೊಡುತ್ತದೆ. ಯಾರಾದರೂ ಬೈದರೆ, "ಇರೋದನ್ನ ಹಂಚ್ಕೋಬೇಕು ಗುರು" ಎಂದು ಮುಂದೆ ಹೋಗುತ್ತಾನೆ.

ಅವನ ಹೆಂಡತಿ ಭಾಗ್ಯಲಕ್ಷ್ಮಿ ಸೈಕಲ್ ಕಲಿತದ್ದು ಮಗಳು ಪೂಜಿತಾ ಓದು ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ. ಇಂದಿರಾನಗರದ ಒಂದು ಡೇ ಕೇರಿನಲ್ಲಿ ಭಾಗ್ಯಲಕ್ಷ್ಮಿ ಮಕ್ಕಳಿಗೆ ಅಡುಗೆ ಮಾಡುತ್ತಾಳೆ. ಬಸ್ಸಿಗೆ ಕಾಯುವುದರಲ್ಲೇ ಅವಳ ಅರ್ಧ ಆಯುಸ್ಸು ಹೋಗುತ್ತಿತ್ತು. ಅದನ್ನು ನೋಡಿ ಡೇ ಕೇರ್ ನಡೆಸುವ ನಂದಿತಾ ಮೇಡಂ, ತಮ್ಮ ಮಗ ತುಳಿದು ಬಿಟ್ಟಿದ್ದ ದಪ್ಪ ಟೈರಿನ ಗೇರ್ ಸೈಕಲ್ಲನ್ನು ಅವಳಿಗೆ ಕೊಟ್ಟರು. ಬೆಳಗ್ಗೆ ಬೆಳಗ್ಗೆ ಮೈದಾನದಲ್ಲಿ ಪ್ರೇಮ್‌ಕುಮಾರ ಸೀಟು ಹಿಡಿದು ಹಿಂದೆ ಹಿಂದೆ ಓಡಿ ಕಲಿಸಿದ. ಒಂದು ದಿನ ಹೇಳದೆ ಕೈ ಬಿಟ್ಟ. ಅವಳು ಅಷ್ಟು ದೂರ ಒಬ್ಬಳೇ ಹೋಗಿದ್ದನ್ನು ಕಂಡು ಅವನಿಗೆ ಎಂಥ ಸಂತೋಷವಾಯಿತೆಂದರೆ, ಅವಳು ಗೋಡೆಗೆ ಗುದ್ದಿ ಬಿದ್ದ ಮೇಲೂ ಚಪ್ಪಾಳೆ ತಟ್ಟುತ್ತಲೇ ನಿಂತಿದ್ದ. ಅದಕ್ಕಾಗಿ ಒಂದು ವಾರ ಬೈಸಿಕೊಂಡ.

ಆ ಸೈಕಲ್ಲಿಗೆ ಎಲ್ಲವೂ ಇತ್ತು, ಮಡ್‌ಗಾರ್ಡ್ ಒಂದು ಇರಲಿಲ್ಲ. ಈಗಿನ ಸೈಕಲ್ಲುಗಳು ಹಾಗೆಯೇ ಬರುತ್ತವಂತೆ, ಅದೇ ಸ್ಟೈಲಂತೆ. ಬಣ್ಣದ ಚೂಡಿದಾರ ಹಾಕಿಕೊಂಡು ಕೆಲಸಕ್ಕೆ ಹೋಗುವಾಗ ಅದು ಅಷ್ಟು ತೊಂದರೆ ಕೊಡಲಿಲ್ಲ. ಕೊಟ್ಟದ್ದು ಬುದ್ಧ ಪೂರ್ಣಿಮೆಯ ದಿನ.

ಇವರ ಬೀದಿಯ ಬೌದ್ಧ ಮನೆತನಗಳವರು ಪೂರ್ಣಿಮೆಯ ದಿನ ಬಿಳಿ ಬಟ್ಟೆ ಉಟ್ಟು ಬುದ್ಧ ವಿಹಾರಕ್ಕೆ ಹೋಗಿ, ವಂದನೆ ಮುಗಿಸಿ, ಅಲ್ಲಿಂದ ಹಲಸೂರು ಕೆರೆಯ ಸುತ್ತ ಸೈಕಲ್ ಜಾಥಾ ಹೊರಡುತ್ತಾರೆ. ಹೆಂಗಸರು ಬಿಳಿ ಸೀರೆ, ಗಂಡಸರು ಬಿಳಿ ಅಂಗಿ, ಮುಂದೆ ಧ್ವಜ. ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಸಂಜೆ ಸಂಜೆ ಮಳೆ ಸುರಿಯುತ್ತದೆ, ಬೆಳಗ್ಗೆ ರಸ್ತೆ ತುಂಬ ನೀರು ನಿಂತಿರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅಂಥ ರಸ್ತೆಯಲ್ಲಿ, ಮಡ್‌ಗಾರ್ಡ್ ಇಲ್ಲದ ಸೈಕಲ್ಲಿನ ಮೇಲೆ, ಬಿಳಿ ಬಟ್ಟೆ ಹಾಕಿಕೊಂಡು ಮೆರವಣಿಗೆ ಹೋಗೋಣ ಎಂದು ಕಮಿಟಿಯಲ್ಲಿ ಸೂಚನೆ ಕೊಟ್ಟದ್ದು ಯಾರು ಎಂದು ನಾನು ಹೇಳಬೇಕಾಗಿಲ್ಲ. ಅದೂ ಪ್ರೇಮ್‌ಕುಮಾರನೇ.

ಕಳೆದ ವರ್ಷ ಭಾಗ್ಯಲಕ್ಷ್ಮಿ ಜಾಥಾದ ಮುಂದಿನ ಸಾಲಿನಲ್ಲಿದ್ದಳು. ಅವಳ ವಯಸ್ಸಿನ ಹೆಂಗಸರಲ್ಲಿ ಸೈಕಲ್ ಹೊಡೆಯುವವಳು ಅವಳೊಬ್ಬಳೇ. ಹಿಂದೆ ಬರುತ್ತಿದ್ದವರು ಏನೋ ಗುಸುಗುಸು ಮಾಡಿ ನಗುತ್ತಿದ್ದುದು ಕೇಳಿ, ತನ್ನನ್ನು ಕಂಡು ಖುಷಿಪಡುತ್ತಿದ್ದಾರೆ ಎಂದುಕೊಂಡು ಇನ್ನೂ ನೆಟ್ಟಗೆ ಕುಳಿತು ತುಳಿದಳು. ಮನೆಗೆ ಬಂದು ನೋಡಿದರೆ ಸೊಂಟದಿಂದ ತುರುಬಿನವರೆಗೆ ಬಿಳಿ ಸೀರೆಯ ಮೇಲೆ ಒಂದೇ ಉದ್ದನೆಯ ಕೆಸರಿನ ಪಟ್ಟೆ. ಅಷ್ಟು ಹೊತ್ತಿಗೆ ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಅವಳ ಬೆನ್ನಿನ ಫೋಟೊ ಬಂದು, ಅದರ ಕೆಳಗೆ ನಗುವ ಮುಖಗಳು ಸಾಲುಗಟ್ಟಿದ್ದವು. ಭಾಗ್ಯಲಕ್ಷ್ಮಿ ಅಳಲಿಲ್ಲ. ಸೀರೆ ಒಗೆದು, ಇಸ್ತ್ರಿ ಮಾಡಿ, ಮಡಿಸಿ ಪೆಟ್ಟಿಗೆಯ ತಳದಲ್ಲಿಟ್ಟಳು.

ಈ ವರ್ಷ ಕಮಿಟಿಯ ಆದಿನಾರಾಯಣಪ್ಪ ಮನೆಗೆ ಬಂದು, "ಭಾಗ್ಯಮ್ಮ, ಈ ಸಲನೂ ಮುಂದೆ ನೀವೇ ಇರ್ಬೇಕು" ಎಂದಾಗ ಅವಳು ಖಡಾಖಂಡಿತವಾಗಿ ಹೇಳಿದಳು.

"ನಾನ್ ಬರಲ್ಲಣ್ಣ. ಮಡ್‌ಗಾರ್ಡ್ ಇದ್ರೆ ಬರ್ತೀನಿ, ಇಲ್ಲಾಂದ್ರೆ ವಿಹಾರಕ್ಕೆ ಹೋಗಿ ಕೈ ಮುಗಿದು ನಡ್ಕೊಂಡು ಮನೆಗೆ ಬರ್ತೀನಿ."

ಆದಿನಾರಾಯಣಪ್ಪ ಹೋದ ಮೇಲೆ ಗಂಡನಿಗೆ ಹೇಳಿದಳು. "ರೀ, ನಿಮ್ಮ ಅಂಗಡಿ ಹಿಂದಿನ ಗಲ್ಲಿಲಿ ಅಹ್ಮದ್ ಪಾಷಾ ಅವರ ಸೈಕಲ್ ಅಂಗಡಿ ಇದೆಯಲ್ಲ, ಅಲ್ಲಿ ಒಂದು ಜೊತೆ ತಂದ್ಬಿಡಿ."

"ಏನು, ಮಡ್‌ಗಾರ್ಡಾ? ಕೊಂಡ್ಕೊಂಡು ತರೋದಾ?" ಪ್ರೇಮ್‌ಕುಮಾರ ಎದ್ದು ನಿಂತ. "ಒಂದು ಬಗ್ಗಿದ ತಗಡು ಕಣೇ ಅದು. ಅದಕ್ಕೆ ಅಂಗಡಿಗೆ ಹೋಗ್ಬೇಕಾ? ನಾನ್ ಮಾಡ್ಕೊಡ್ತೀನಿ ನೋಡ್ತಿರು."

ಅವನಿಗೆ ಈ ಸಲ ಹಟ ಬಂದದ್ದಕ್ಕೆ ಕಾರಣವಿತ್ತು. ಹೆಂಡತಿ ಜಾಥಾದ ಮುಂದೆ ಹೋಗುವುದನ್ನು ಹಿಂದಿನಿಂದ ನೋಡುವುದು ಅವನಿಗೆ ಇಡೀ ವರ್ಷದ ಹಬ್ಬ. ಅವಳು ಬರುವುದಿಲ್ಲ ಎಂದರೆ ಪೂರ್ಣಿಮೆಗೆ ಅವನ ಪಾಲಿಗೆ ಚಂದ್ರನೇ ಇಲ್ಲದ ಹಾಗೆ. ಆ ಮಾತನ್ನು ಬಾಯಿಬಿಟ್ಟು ಹೇಳಲು ಬರುವವನಲ್ಲ, ಆದ್ದರಿಂದ ಕತ್ತರಿ ಹುಡುಕಿದ.

ಮೊದಲನೆಯ ಮಡ್‌ಗಾರ್ಡ್ ಅಡುಗೆ ಎಣ್ಣೆಯ ಡಬ್ಬದಿಂದ ಆಯಿತು. ಡಬ್ಬ ಕತ್ತರಿಸಿ, ಬಡಿದು, ಬಗ್ಗಿಸಿ, ತಂತಿಯಿಂದ ಬಿಗಿದ. ನಿಂತಿದ್ದಾಗ ನೋಡಲು ಪರವಾಗಿರಲಿಲ್ಲ. ಹೊರಟ ಮೇಲೆ ಅದು ಡಬಡಬ ಬಡಿದುಕೊಳ್ಳಲು ಶುರುಮಾಡಿತು. ಮರ್ಫಿ ಟೌನಿನ ಸಮಸ್ತ ನಾಯಿಗಳೂ ಭಾಗ್ಯಲಕ್ಷ್ಮಿಯ ಹಿಂದೆ ಬಿದ್ದವು. ಅವಳು ಜೀವ ಕೈಯಲ್ಲಿ ಹಿಡಿದುಕೊಂಡು ತುಳಿದು, ಇಂದಿರಾನಗರಕ್ಕೆ ಎಂದೂ ಇಲ್ಲದಷ್ಟು ಬೇಗ ತಲುಪಿದಳು.

"ಸ್ಪೀಡ್ ಜಾಸ್ತಿ ಆಯ್ತಲ್ಲ, ಅದೂ ಲಾಭನೇ" ಎಂದ ಪ್ರೇಮ್‌ಕುಮಾರ.

ಪೂಜಿತಾ ಮೊಬೈಲಿನಿಂದ ತಲೆ ಎತ್ತಿ, "ಅಪ್ಪಾ, ಅದು ಮಡ್‌ಗಾರ್ಡಾ, ತಮಟೆನಾ?" ಎಂದು ಕೇಳಿದಳು.

ತಗಡಿನಿಂದ ಸದ್ದು ಬರುತ್ತದೆ ಎಂದು ಅರ್ಥವಾದ ಮೇಲೆ ಅವನು ಪ್ಲಾಸ್ಟಿಕ್ಕಿಗೆ ಬಂದ. ಹುಟ್ಟುಹಬ್ಬದ ಶುಭಾಶಯ ಎಂದು ಕಂಬಕ್ಕೆ ಕಟ್ಟುತ್ತಾರಲ್ಲ, ಆ ಬೋರ್ಡು. ಹಬ್ಬ ಮುಗಿದು, ಮಳೆಗೆ ಕಿತ್ತು ಚರಂಡಿಯ ಪಕ್ಕ ಬಿದ್ದಿದ್ದ ಒಂದನ್ನು ತಂದು ತೊಳೆದ. ಅದರಲ್ಲಿ ಆ ಕಡೆಯ ಮುಖಂಡ ಬೈಲಪ್ಪ ಎರಡೂ ಕೈ ಜೋಡಿಸಿ ನಗುತ್ತಿದ್ದ. ಸೈಕಲ್ಲಿಗೆ ಪಕ್ಷ ರಾಜಕೀಯ ಬೇಡ ಎಂದು ಪ್ರೇಮ್‌ಕುಮಾರ ಬಹಳ ಯೋಚಿಸಿ, ಬಿಳಿ ಬೆನ್ನು ಹೊರಗೆ ಬರುವಂತೆಯೂ ಬೈಲಪ್ಪನ ಮುಖ ಒಳಗೆ, ಟೈರಿನ ಕಡೆಗೆ ಬರುವಂತೆಯೂ ಬಗ್ಗಿಸಿ ಕಟ್ಟಿದ. ಸದ್ದಿಲ್ಲ, ಹಗುರ, ಅಂದವಾಗಿಯೂ ಇತ್ತು. ಅವನು ಎರಡು ದಿನ ಅಂಗಡಿಯಲ್ಲಿ ಜಂಭ ಕೊಚ್ಚಿಕೊಂಡ.

ಮೂರನೆಯ ದಿನ ಹಲಸೂರಿನ ಸಿಗ್ನಲ್ಲಿನಲ್ಲಿ ಭಾಗ್ಯಲಕ್ಷ್ಮಿಯ ಹಿಂದೆ ಸ್ಕೂಟರಿನಲ್ಲಿ ನಿಂತಿದ್ದವನೊಬ್ಬ ಬಗ್ಗಿ ಚಕ್ರದ ಮೇಲೆ ನೋಡಿದ. ಟೈರಿನ ಹಿಂದಿನಿಂದ ಬೈಲಪ್ಪನ ಎರಡು ಕಣ್ಣು ಅವನನ್ನು ನೋಡಿದವು. ಮೂಗಿನ ಕೆಳಗೆಲ್ಲ ಕೆಸರು.

"ಏನಮ್ಮಾ ಇದು? ನಮ್ಮ ಅಣ್ಣನ ಬಾಯಿಗೆ ಕೆಸರು ಹೊಡೀತಿದ್ದೀಯಾ? ಯಾರ್ ಕಡೆಯವಳು ನೀನು?"

ಅವಳು ಯಾರ ಕಡೆಯವಳೂ ಅಲ್ಲ, ಪ್ರೇಮ್‌ಕುಮಾರನ ಹೆಂಡತಿ ಎಂದು ಹೇಳಿ ಬಿಡಿಸಿಕೊಂಡು ಬರುವ ಹೊತ್ತಿಗೆ ಸಾಕುಸಾಕಾಗಿತ್ತು. ಮನೆಗೆ ಬಂದು ಬೋರ್ಡು ಕಿತ್ತು ಗಂಡನ ಮುಂದೆ ಹಾಕಿದಳು. "ರೀ, ಕೈ ಮುಗೀತೀನಿ. ಅಂಗಡಿಯಿಂದ ತಂದ್ಬಿಡಿ."

"ಇನ್ನೊಂದೇ ಒಂದ್ಸಲ" ಎಂದ ಅವನು.

ಆ ಇನ್ನೊಂದು ಸಲಕ್ಕೆ ಅವನು ತನ್ನ ಜೀವಮಾನದ ವಿದ್ಯೆಯನ್ನೆಲ್ಲ ಹಾಕಿದ. ಅಂಗಡಿಯಲ್ಲಿ ಉಳಿದ, ಬಳ್ಳಿ ಕೆತ್ತನೆಯ, ಚಿನ್ನದ ಬಣ್ಣದ ಕಟ್ಟಿನ ಮರವನ್ನು ಹಾಶಿಮ್ ಭಾಯ್ ಅವರಲ್ಲಿ ಕೇಳಿ ತಂದ. ನೇರ ಮರ ಬಗ್ಗುವುದಿಲ್ಲ ನಿಜ, ಆದರೆ ಸಣ್ಣ ಸಣ್ಣ ತುಂಡು ಮಾಡಿ ಪ್ರತಿ ತುಂಡಿನ ತುದಿಯನ್ನೂ ಸ್ವಲ್ಪ ಓರೆಯಾಗಿ ಕೊಯ್ದು ಕೂಡಿಸುತ್ತಾ ಹೋದರೆ ಬಾಗಲೇಬೇಕಲ್ಲ? ಕೂಡಿಸಿದ. ಊಟ ಮರೆತು ಕೂಡಿಸಿದ. ಹಾಶಿಮ್ ಭಾಯ್ ಹತ್ತಿರ ಬಂದು ನೋಡಿ ಗಡ್ಡ ಸವರಿಕೊಂಡರು. "ಪ್ರೇಮ್, ಬಹುತ್ ಖೂಬ್. ಆದ್ರೆ ಗಾಜು ಎಲ್ಲಿ ಹಾಕ್ತೀಯಾ?"

ಸೈಕಲ್ಲಿಗೆ ಕಟ್ಟಿದಾಗ ಹಿಂದಿನ ಚಕ್ರ ಮದುವೆಯ ಫೋಟೊದಂತೆ ಹೊಳೆಯಿತು. ಬೀದಿಯವರು ಬಂದು ಸುತ್ತ ನಿಂತು ನೋಡಿದರು. ಪೂಜಿತಾ, "ಇದನ್ನ ಗೋಡೆಗೆ ತೂಗ್ಹಾಕಿ ಹೂ ಮುಡಿಸೋಣ್ವಾ?" ಎಂದಳು. ಭಾಗ್ಯಲಕ್ಷ್ಮಿ ಒಂದು ಸುತ್ತು ಹೊರಟಳು. ಮೂಲೆಯ ಬೋರ್‌ವೆಲ್ ಹತ್ತಿರದ ನೀರು ದಾಟಿದ್ದೇ ತಡ, ಅಂಟು ಬಿಟ್ಟುಕೊಂಡು ಒಂದೊಂದೇ ತುಂಡು ಕಳಚಿ ಬೀಳತೊಡಗಿತು. ಅವಳು ತಿರುಗಿ ಬರುವಾಗ ಪ್ರೇಮ್‌ಕುಮಾರ ಎದುರಿನಿಂದ ಆ ಚಿನ್ನದ ತುಂಡುಗಳನ್ನು ಲುಂಗಿಯ ಮಡಿಲಿಗೆ ಆಯ್ದುಕೊಳ್ಳುತ್ತಾ ಬರುತ್ತಿದ್ದ. ಇಡೀ ಬೀದಿ ಹೊಟ್ಟೆ ಹಿಡಿದುಕೊಂಡು ನಕ್ಕಿತು, ಅವನೂ ನಕ್ಕ. ನಗದಿದ್ದವಳು ಭಾಗ್ಯಲಕ್ಷ್ಮಿ ಮಾತ್ರ. ಸೈಕಲ್ಲನ್ನು ಗೋಡೆಗೆ ಒರಗಿಸಿ, "ಬಿಡಿ, ಈ ಸಲ ನಾನ್ ಬರಲ್ಲ" ಎಂದು ಒಳಗೆ ಹೋದಳು. ಅವಳ ದನಿಯಲ್ಲಿ ಕೋಪ ಇರಲಿಲ್ಲ. ಕೋಪವಿದ್ದಿದ್ದರೆ ಅವನಿಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ.

ಪೂರ್ಣಿಮೆಯ ಹಿಂದಿನ ದಿನ ಮಧ್ಯಾಹ್ನ ಪ್ರೇಮ್‌ಕುಮಾರ ಕಳ್ಳನ ಹಾಗೆ ಅತ್ತಿತ್ತ ನೋಡಿ ಅಹ್ಮದ್ ಪಾಷಾನ ಅಂಗಡಿಗೆ ನುಗ್ಗಿದ. ಆ ಅಂಗಡಿಯ ಮುಂದೆ ಇಷ್ಟು ವರ್ಷ, ನಿಮ್ಮ ಅರ್ಧ ಸಾಮಾನು ನಾನು ಮನೇಲೇ ಮಾಡ್ತೀನಿ ಎಂದು ಹೇಳಿಕೊಂಡು ತಿರುಗಿದವನು ಅವನು.

"ಗೇರ್ ಸೈಕಲ್ಲಿಗೆ ಮಡ್‌ಗಾರ್ಡ್ ಕೊಡಿ ಭಾಯ್. ಒಂದು ಜೊತೆ."

ಪಾಷಾ ಕನ್ನಡಕ ಮೇಲೇರಿಸಿದ. "ಯಾರಿಗೆ?"

"ಅದೆಲ್ಲ ಯಾಕೆ. ಯಾರಾದ್ರೂ ಕೇಳಿದ್ರೆ ನಾನು ಇವತ್ತು ಈ ಕಡೆ ಬಂದೇ ಇಲ್ಲ. ಆಯ್ತಾ?"

"ಬಂದೇ ಇಲ್ಲ" ಎಂದು ಪಾಷಾ ಗಂಭೀರವಾಗಿ ಒಪ್ಪಿಕೊಂಡು, ಹೊಳೆಯುವ ಕವರಿನಲ್ಲಿದ್ದ ಕಪ್ಪು ಮಡ್‌ಗಾರ್ಡ್ ಜೊತೆಯನ್ನು ಮುಂದಿಟ್ಟ.

ಇಲ್ಲಿಯವರೆಗೆ ಮಾಡಿದ್ದೆಲ್ಲ ಬರೀ ಪೆದ್ದುತನ. ಇನ್ನು ಮುಂದೆ ಮಾಡಿದ್ದನ್ನು ನೆನೆಸಿಕೊಂಡರೆ ಪ್ರೇಮ್‌ಕುಮಾರ ಇವತ್ತಿಗೂ ಹಣೆ ಚಚ್ಚಿಕೊಳ್ಳುತ್ತಾನೆ. ಕೊಂಡದ್ದೇನೋ ಆಯಿತು, ಆದರೆ ಕೊಂಡೆ ಎಂದು ಮನೆಯಲ್ಲಿ ಹೇಳುವುದು ಹೇಗೆ? ಮೂಲೆಗೆ ಹೋಗಿ ಕವರನ್ನು ಹರಿದು, ಮುದ್ದೆ ಮಾಡಿ, ಕಸದ ಗಾಡಿಗೆ ಎಸೆದ. ಅಂಗಡಿಗೆ ಬಂದು ಮರ ಉಜ್ಜುವ ಕಾಗದ ತೆಗೆದುಕೊಂಡು ಮಡ್‌ಗಾರ್ಡಿನ ಮೇಲಿದ್ದ ಕಂಪನಿಯ ಹೆಸರನ್ನು ಉಜ್ಜಿ ಅಳಿಸಿದ. ಹೊಸತನ ಜಾಸ್ತಿ ಕಾಣುತ್ತಿದೆ ಎಂದು ಅಲ್ಲಲ್ಲಿ ಎರಡು ಗೀರು ಬೇರೆ ಹಾಕಿದ. ಅಷ್ಟು ಮಾಡಿ, ಹೆಂಡತಿ ಕೆಲಸದಿಂದ ಬರುವಷ್ಟರಲ್ಲಿ ಮನೆಗೆ ಓಡಿದ. ಆ ದಿನ ಅವಳು ಬಸ್ಸಿನಲ್ಲಿ ಹೋಗಿದ್ದಳು. ಸೈಕಲ್ಲಿಗೆ ಎರಡೂ ಚಕ್ರಕ್ಕೆ ಬಿಗಿದು, ಕೈ ಒರೆಸಿಕೊಂಡು ಬಾಗಿಲಲ್ಲಿ ನಿಂತ.

"ನೋಡು ಬಾ ಭಾಗ್ಯ. ಕೊನೆಗೂ ಮಾಡ್ದೆ."

ಭಾಗ್ಯಲಕ್ಷ್ಮಿ ಬ್ಯಾಗು ಕೆಳಗಿಟ್ಟು ಬಂದಳು. ಹಿಂದಿನ ಚಕ್ರವನ್ನು ಎತ್ತಿ ತಿರುಗಿಸಿದಳು. ಚಕ್ರ ಎಲ್ಲಿಗೂ ತಾಕದೆ ಸುತ್ತಿತು. ಅದು ನಿಲ್ಲುವವರೆಗೂ ನೋಡಿದಳು. ಆಮೇಲೆ ಗಂಡನ ಮುಖ ನೋಡಿದಳು.

"ಚೆನ್ನಾಗಿದೆ. ಎಲ್ಲಿ ತಂದ್ರಿ?"

"ತಂದಿದ್ದಲ್ಲ ಕಣೇ, ಮಾಡಿದ್ದು."

"ಸದ್ದೇ ಬರ್ತಿಲ್ವಲ್ರೀ" ಎಂದಳು ಅವಳು. ಇಂಗು ತಿಂದ ಮಂಗನಂತೆ ನಿಂತ. ಅವಳು ಕೈ ಚಾಚಿದಳು. "ಕವರ್ ಎಲ್ಲಿ?"

"ಯಾವ ಕವರ್?"

"ಇದು ಬಂದಿದ್ದ ಕವರ್."

ಬಿಲ್ಲು ಕೇಳುತ್ತಿದ್ದಾಳೆ ಎಂದುಕೊಂಡ ಅವನು, ಎಸೆದುಬಿಟ್ಟೆ, ಯಾಕೆ, ವಾಪಸು ಕೊಡಬೇಕಾ, ಅಳತೆ ಸರಿಯಾಗಿಯೇ ಇದೆಯಲ್ಲ ಎಂದು ಒಂದೇ ಉಸಿರಿಗೆ ಎಲ್ಲವನ್ನೂ ಒಪ್ಪಿಕೊಂಡ. ಅಂಗಡಿಗೆ ಹೋದದ್ದು, ಹರಿದದ್ದು, ಹೆಸರು ಉಜ್ಜಿದ್ದು. ಗೀರು ಹಾಕಿದ್ದನ್ನು ಹೇಳುವಾಗ ಅವನಿಗೇ ನಗು ಬಂತು. ಅವಳಿಗೆ ಬರಲಿಲ್ಲ. ಅವಳು ಅವನೇ ಮಾಡಿದ್ದ, ಒಂದು ಕಾಲು ಗಿಡ್ಡವಾದ ಸ್ಟೂಲಿನ ಮೇಲೆ ಕುಳಿತಳು.

"ನಾನೇ ಹರೀಬೇಕು ಅಂತ ಇತ್ತು ಕಣ್ರೀ."

"ಏನು?"

"ಕವರ್ರು. ಈ ಮನೆಗೆ ಬಂದಾಗಿಂದ ನನಗೆ ಸಿಕ್ಕಿದ್ದೆಲ್ಲ ಒಂದು ನಿಮ್ಮ ಕೈಯಿಂದ ಬಂತು, ಇಲ್ಲ ಯಾರೋ ಬಳಸಿ ಬಿಟ್ಟಿದ್ದು ಬಂತು. ಈ ಸೈಕಲ್ಲೂ ಆ ಹುಡುಗ ತುಳಿದು ಬಿಟ್ಟಿದ್ದೇ. ನಾನು ಬೇಜಾರು ಮಾಡ್ಕೊಂಡಿಲ್ಲ. ಮಿಕ್ಸಿ ತಂದಾಗ ಡಬ್ಬ ನೀವೇ ಬಿಚ್ಚಿದ್ರಿ, ರಟ್ಟು ಬೇಕು ಅಂತ ಬ್ಲೇಡಲ್ಲಿ ಕುಯ್ದ್ರಿ. ಫ್ಯಾನ್ ಬಂದಾಗ್ಲೂ ಅಷ್ಟೆ."

"ಸೀರೆ ತಂದ್ಕೊಡಲ್ವಾ?" ಎಂದ ಅವನು ಸಣ್ಣಗೆ.

"ಸೀರೆನ ಅಂಗಡೀಲೇ ಬಿಚ್ಚಿ ತೋರಿಸಿ ಕೊಡ್ತಾರೆ. ನನಗೆ ಅಂತ ತಂದಿದ್ದು, ಯಾರೂ ಮುಟ್ಟದೆ ಇರೋದು, ಒಂದೇ ಒಂದ್ಸಲ ನಾನು ಚರ್ ಅಂತ ಹರಿದು ಆಚೆ ತೆಗೀಬೇಕು ಅಂತ ಆಸೆ ಇತ್ತು. ಅದಕ್ಕೇ ಅಂಗಡಿದು ತನ್ನಿ, ಅಂಗಡಿದು ತನ್ನಿ ಅಂತ ಬಡ್ಕೊಂಡಿದ್ದು. ಚಿಕ್ಕ ಮಕ್ಕಳ ಥರ ಅನ್ಕೊಳ್ಳಿ ಬೇಕಾದ್ರೆ."

ಪ್ರೇಮ್‌ಕುಮಾರ ನಗಲು ಹೊರಟ. ಸಾಮಾನ್ಯವಾಗಿ ಇಂಥ ಕಡೆ ತನ್ನನ್ನೇ ಗೇಲಿ ಮಾಡಿಕೊಂಡು ಜಾರಿಕೊಳ್ಳುವುದು ಅವನ ಅಭ್ಯಾಸ. ಈ ಸಲ ಬಾಯಿ ತೆರೆದವನ ಕಣ್ಣು ಮನೆಯ ಮೇಲೆ ಹರಿಯಿತು. ಶೆಲ್ಫು, ರಾಟೆ, ಸ್ಟ್ಯಾಂಡು, ಗಡಿಯಾರದ ಕಟ್ಟು, ಟಿವಿಯ ಕೆಳಗಿನ ಪೆಟ್ಟಿಗೆ, ಎಲ್ಲೆಲ್ಲೂ ತಾನೇ. ಅವಳಿಗಾಗಿ ಮಾಡಿದೆ ಎಂದುಕೊಂಡಿದ್ದ, ಆದರೆ ಮಾಡುವ ಸುಖ ತನ್ನದು, ಸೊಟ್ಟಗಿದ್ದುದನ್ನು ದಿನವೂ ನೆಟ್ಟಗೆ ಮಾಡಿಕೊಳ್ಳುವ ಕೆಲಸ ಅವಳದು. ಅವನಿಗೆ ನಿಜವಾಗಿ ನಾಚಿಕೆಯಾಯಿತು. ಕೇಳಿದ್ದನ್ನು ತರುವುದು ಎಷ್ಟು ಸುಲಭವಾಗಿತ್ತು, ತಂದ ಮೇಲೂ ಅದನ್ನು ಕಿತ್ತುಕೊಂಡೆನಲ್ಲ ಎಂದುಕೊಂಡ.

"ಏಳು" ಎಂದ.

"ಎಲ್ಲಿಗೆ?"

"ಪಾಷಾ ಅಂಗಡಿ ಇನ್ನೂ ಮುಚ್ಚಿರಲ್ಲ."

ಇಬ್ಬರೂ ತಂತಮ್ಮ ಸೈಕಲ್ಲಿನ ಮೇಲೆ ಶಿವಾಜಿನಗರಕ್ಕೆ ಹೊರಟರು. ಸಂಜೆಯ ಜನಜಂಗುಳಿಯಲ್ಲಿ, ಕಬಾಬಿನ ಹೊಗೆಯಲ್ಲಿ ಇಳಿದು ತಳ್ಳಿಕೊಂಡೇ ಗಲ್ಲಿ ಸೇರಬೇಕಾಯಿತು. ಅಹ್ಮದ್ ಪಾಷಾ ಇವರಿಬ್ಬರನ್ನೂ ಒಟ್ಟಿಗೆ ಕಂಡವನೇ, ಇನ್ನೂ ಯಾರೂ ಬಾಯಿ ತೆರೆಯುವ ಮೊದಲೇ ಎದ್ದು ನಿಂತು ಜೋರಾಗಿ ಹೇಳಿದ.

"ಭಾಭಿ, ಇವರು ಇವತ್ತು ಇಲ್ಲಿಗೆ ಬಂದೇ ಇಲ್ಲ!"

ಭಾಗ್ಯಲಕ್ಷ್ಮಿಗೆ ಆಗ ನಗು ಬಂತು. ದುಪಟ್ಟಾ ಬಾಯಿಗೆ ಒತ್ತಿಕೊಂಡು ನಕ್ಕಳು, ನಗು ನಿಲ್ಲದೆ ಸೈಕಲ್ಲಿನ ಹ್ಯಾಂಡಲ್ ಹಿಡಿದುಕೊಂಡಳು. ಪಾಷಾ ಏನು ತಪ್ಪಾಯಿತೋ ಎಂದು ಇಬ್ಬರನ್ನೂ ನೋಡಿದ.

"ಭಾಯ್, ಇವಳಿಗೆ ಏನು ಬೇಕೋ ಅದು ಕೊಡಿ. ಕವರ್ ಸಮೇತ" ಎಂದ ಪ್ರೇಮ್‌ಕುಮಾರ. ಬೆಲ್ಲು, ಕನ್ನಡಿ, ಸೀಟಿನ ಹೊದಿಕೆ, ಬಣ್ಣಬಣ್ಣದ ಲೈಟು, ಒಂದೊಂದನ್ನೂ ಅವಳ ಮುಂದೆ ತೋರಿಸಿದ. ಭಾಗ್ಯಲಕ್ಷ್ಮಿ ಒಂದನ್ನೂ ಮುಟ್ಟಲಿಲ್ಲ. ಹೊರಗೆ ನಿಲ್ಲಿಸಿದ್ದ ಗಂಡನ ಸೈಕಲ್ಲಿನ ಕಡೆ, ಅದರ ಕ್ಯಾರಿಯರಿಗೆ ನೇತಾಡುತ್ತಿದ್ದ ಹಲಗೆಯ ಕಡೆ ಒಂದು ಸಲ ನೋಡಿದಳು.

"ಅಣ್ಣ, ಆ ಹಳೇ ಸೈಕಲ್ಲಿಗೆ ಆಗೋ ಮಡ್‌ಗಾರ್ಡ್ ಇದೆಯಾ?"

"ಏ, ನನ್ನದಕ್ಕೆ ಯಾಕೆ? ನನ್ನದು ಚೆನ್ನಾಗೇ..." ಎಂದು ಪ್ರೇಮ್‌ಕುಮಾರ ಶುರು ಮಾಡಿದ. ಅವಳು ತಿರುಗಿ ನೋಡಿದ ರೀತಿಗೆ ಮಾತು ಅಲ್ಲೇ ನಿಂತಿತು.

ಪಾಷಾ ಅಟ್ಟದಿಂದ ಒಂದು ಉದ್ದನೆಯ ಪೊಟ್ಟಣ ಇಳಿಸಿ ಧೂಳು ಒರೆಸಿ ಕೊಟ್ಟ. ಹಣವನ್ನು ಅವಳೇ ತನ್ನ ಪರ್ಸಿನಿಂದ ಕೊಟ್ಟಳು. ಪಾಷಾ ಬ್ಲೇಡು ಮುಂದೆ ಹಿಡಿದರೆ ಬೇಡ ಎಂದಳು. ಅಂಗಡಿಯ ಮುಂದಿನ ಬೆಂಚಿನ ಮೇಲೆ ಕುಳಿತು, ಪೊಟ್ಟಣವನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು, ಉಗುರಿನಿಂದ ಅದರ ಅಂಚು ಹುಡುಕಿದಳು. ಅವಳಿಗೆ ಅವಸರವಿರಲಿಲ್ಲ. ಪ್ರೇಮ್‌ಕುಮಾರನ ಕೈ ಅಭ್ಯಾಸಬಲದಿಂದ ಮುಂದೆ ಬಂತು.

"ಕೈ ಹಿಂದೆ ಕಟ್ಕೊಳ್ಳಿ" ಎಂದಳು.

ಅವನು ಕೈ ಹಿಂದೆ ಕಟ್ಟಿಕೊಂಡು ನಿಂತ. ಚರ್ ಎಂದು ಕವರು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಹರಿಯಿತು. ಹೊಸ ಬಣ್ಣದ ವಾಸನೆ ಬಂತು. ಭಾಗ್ಯಲಕ್ಷ್ಮಿ ಅದನ್ನು ಉಸಿರೆಳೆದು ಮೂಸಿದಳು, ಬೆರಳಾಡಿಸಿದಳು, ದೂರ ಹಿಡಿದು ನೋಡಿದಳು. ಪಕ್ಕದ ಅಂಗಡಿಯವರು ನೋಡುತ್ತಿದ್ದರೂ ಅವಳಿಗೆ ಅದರ ಪರಿವೆ ಇರಲಿಲ್ಲ. ಮದುವೆಯ ದಿನವೂ ಅವಳ ಮುಖ ಹೀಗೆ ಅರಳಿದ್ದನ್ನು ಕಂಡ ನೆನಪು ಪ್ರೇಮ್‌ಕುಮಾರನಿಗೆ ಬರಲಿಲ್ಲ. ಆಮೇಲೆ ಅವಳು ಎದ್ದು ಬಂದು ಆ ಜೊತೆಯನ್ನು ಅವನ ಕೈಗೆ ಕೊಟ್ಟಳು.

"ತಗೊಳ್ಳಿ. ನಾಳೆ ನೀವೂ ಬಿಳಿ ಅಂಗಿ ಹಾಕ್ಕೊಳ್ತೀರಲ್ಲ."

ಯಾರಾದರೂ ಏನಾದರೂ ಕೊಟ್ಟರೆ, ಇದನ್ನು ನಾನೇ ಮಾಡ್ತಿದ್ನಲ್ಲ ಎನ್ನುವುದು ಅವನ ಬಾಯಿಪಾಠ. ಅದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದ. "ಚೆನ್ನಾಗಿದೆ" ಎಂದ. ಪಾಷಾ ಹಲಗೆ ಬಿಚ್ಚಿ ಅದನ್ನು ಬಿಗಿಯುವಾಗಲೂ ಅವನು ಒಂದೇ ಒಂದು ಸಲಹೆ ಕೊಡಲಿಲ್ಲ. ಅವನ ಇಡೀ ಜೀವನದಲ್ಲಿ ಅಷ್ಟು ಕಷ್ಟದ ಕೆಲಸ ಅವನು ಮಾಡಿರಲಿಲ್ಲ.

ಆ ಸಂಜೆ ಮಳೆ ಬರಲಿಲ್ಲ. ಮರುದಿನ ಬೆಳಗ್ಗೆಯೂ ಇಲ್ಲ. ಆಕಾಶ ತೊಳೆದಿಟ್ಟ ಹಾಗಿತ್ತು, ರಸ್ತೆಗಳು ಹಪ್ಪಳ ಒಣಗಿಸಬಹುದಾದಷ್ಟು ಒಣಗಿದ್ದವು. ಒಂದು ತಿಂಗಳು ಬೀದಿಯನ್ನೆಲ್ಲ ನಗಿಸಿ, ಬೈಲಪ್ಪನ ಕಡೆಯವರ ಹತ್ತಿರ ಹೆಂಡತಿಯನ್ನು ಬೈಸಿ, ಕೊನೆಗೆ ಎರಡೆರಡು ಜೊತೆ ಮಡ್‌ಗಾರ್ಡ್ ಹಾಕಿಸಿದ ಮೇಲೆ ಕೆಸರೇ ಇಲ್ಲ. ಪ್ರೇಮ್‌ಕುಮಾರ ಆಕಾಶ ನೋಡಿ ಎರಡೂ ಕೈಯೆತ್ತಿ ಮುಗಿದ.

ವಿಹಾರದಲ್ಲಿ ಎಲ್ಲರೂ ಬಿಳಿ ಬಟ್ಟೆಯಲ್ಲಿ ಕುಳಿತು ಪಂಚಶೀಲಗಳನ್ನು ಹೇಳಿಕೊಂಡರು. ಸುಳ್ಳು ಹೇಳುವುದಿಲ್ಲ ಎಂಬ ನಾಲ್ಕನೆಯದು ಬಂದಾಗ ಪ್ರೇಮ್‌ಕುಮಾರನ ಪಕ್ಕೆಗೆ ಭಾಗ್ಯಲಕ್ಷ್ಮಿಯ ಮೊಣಕೈ ಬಲವಾಗಿ ತಿವಿಯಿತು. ಅವನು ಆ ಸಾಲನ್ನು ಉಳಿದವರಿಗಿಂತ ಜೋರಾಗಿ ಹೇಳಿದ.

ಜಾಥಾ ಹೊರಟಿತು. ಆದಿನಾರಾಯಣಪ್ಪ ಧ್ವಜ ಹಿಡಿದು ಮುಂದೆ, ಅವರ ಹಿಂದೆಯೇ ಇಸ್ತ್ರಿ ಮಾಡಿದ ಬಿಳಿ ಸೀರೆಯಲ್ಲಿ ಭಾಗ್ಯಲಕ್ಷ್ಮಿ. ಅವಳು ಮೊದಮೊದಲು ಬೆನ್ನು ಬಿಗಿಹಿಡಿದುಕೊಂಡೇ ತುಳಿಯುತ್ತಿದ್ದಳು. ಹಿಂದೆ ಯಾರಾದರೂ ನಕ್ಕರೆ ಅವಳ ಭುಜ ಮೇಲೇಳುತ್ತಿತ್ತು. ಅದನ್ನು ಹಿಂದಿನಿಂದ ನೋಡುತ್ತಿದ್ದ ಪ್ರೇಮ್‌ಕುಮಾರನಿಗೆ ಏನು ಮಾಡಬೇಕೆಂದು ತೋಚಲಿಲ್ಲ.

ಕೆರೆಯ ತಿರುವಿನಲ್ಲಿ ಒಂದು ನೀರಿನ ಟ್ಯಾಂಕರ್ ನಿಂತು ಸೋರುತ್ತಿತ್ತು. ಅದರ ಕೆಳಗೆ, ಇಡೀ ದಾರಿಗೆ ಒಂದೇ ಒಂದು, ಕೆಂಪಗೆ ಕದಡಿದ ಕೆಸರಿನ ಹೊಂಡ. ಆದಿನಾರಾಯಣಪ್ಪ ಧ್ವಜ ಓರೆ ಮಾಡಿ ಅದನ್ನು ಬಳಸಿಕೊಂಡು ಹೋದರು. "ಈ ಕಡೆಯಿಂದ, ಈ ಕಡೆಯಿಂದ" ಎಂದು ಯಾರೋ ಕೂಗಿದರು. ಎಲ್ಲರೂ ಬ್ರೇಕು ಹಿಡಿದು ಪಕ್ಕಕ್ಕೆ ಸರಿದರು.

ಭಾಗ್ಯಲಕ್ಷ್ಮಿ ಬ್ರೇಕು ಹಿಡಿಯಲಿಲ್ಲ. ಹ್ಯಾಂಡಲ್ ನೇರ ಮಾಡಿ, ಎರಡು ಸಲ ಜೋರಾಗಿ ತುಳಿದು, ಹೊಂಡದ ನಟ್ಟನಡುವೆಯೇ ಹೋದಳು. ನೀರು ಎರಡೂ ಪಕ್ಕಕ್ಕೆ ಹಾರಿತು. ಆಚೆ ದಡದಲ್ಲಿ ಒಂದು ಕಾಲು ಊರಿ ನಿಂತು, ಕೈ ಹಿಂದಕ್ಕೆ ಹಾಕಿ ಬೆನ್ನು ಸವರಿಕೊಂಡಳು. ಕೈ ಮುಂದೆ ತಂದು ನೋಡಿದಳು, ಒಣಗಿಯೇ ಇತ್ತು. ಆಮೇಲೆ ತಿರುಗಿ ಗಂಡನನ್ನು ಕೂಗಿದಳು.

"ಏನ್ ನೋಡ್ತಿದೀರಾ? ಬನ್ನಿ, ಮಧ್ಯದಲ್ಲೇ ಬನ್ನಿ!"